ಪತ್ತನಾಜೆ ಕಳೆದ ಮೇಲೆ: ಗಡಿನಾಡಿನಲ್ಲಿ ಹೆವಿ ರಾಕ್ ತಂಡ ಕಟ್ಟುವ ಕ್ರಮ

ಕಾಸರಗೋಡು ಸೀಮೆಯಲ್ಲಿ ಪತ್ತನಾಜೆ ಕಳೆದ ಮೇಲೆ ಊರಿನ ಸದ್ದು ಅಡಗುತ್ತದೆ. ಮೇ 24ರ ಆಸುಪಾಸಿಗೆ ಬರುವ ಆ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ಮತ್ತು ಉತ್ಸವಗಳು ನಿಲ್ಲುತ್ತವೆ, ಡಿಸೆಂಬರಿನಿಂದ ಬಿಡುವಿಲ್ಲದೆ ಊರೂರು ತಿರುಗಿದ ಮೈಕ್ ಸೆಟ್ಟುಗಳು ಟಾರ್ಪಾಲಿನಡಿ ಸೇರುತ್ತವೆ. ನಿಧಾನವಾದ, ಭಾರವಾದ, ರಿಫ್ಫಿನ ಮೇಲೆಯೇ ನಿಂತ ರಾಕ್ ತಂಡವೊಂದನ್ನು ಕಟ್ಟಬೇಕೆಂದಿರುವವರು ಈ ದಿನವನ್ನೇ ಆರಂಭವಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಮುಂದಿನ ನಾಲ್ಕು ತಿಂಗಳು ಮಳೆ. ಹೊರಗೆ ಕಾರ್ಯಕ್ರಮಗಳಿಲ್ಲ, ಅಡಿಕೆ ಕೊಟ್ಟಿಗೆಯಲ್ಲಿ ಜಾಗವಿರುತ್ತದೆ, ತಗಡಿನ ಮಾಡಿನ ಮೇಲೆ ಸುರಿಯುವ ಮಳೆ ನಿಮ್ಮ ಸದ್ದನ್ನು ಬೇಲಿ ದಾಟಲು ಸುಲಭಕ್ಕೆ ಬಿಡುವುದಿಲ್ಲ. ಬದಿಯಡ್ಕದ ಹತ್ತಿರದ ಒಂದು ಕೊಟ್ಟಿಗೆಯಲ್ಲಿ ನಾವು ನಾಲ್ವರು ಹೀಗೆಯೇ ತೊಡಗಿದೆವು, ಮತ್ತು ಮಾಡಬಾರದ ತಪ್ಪುಗಳಲ್ಲಿ ಬಹುಪಾಲನ್ನು ಮೊದಲ ಮಳೆಗಾಲದಲ್ಲೇ ಮಾಡಿ ಮುಗಿಸಿದೆವು.

ರಿಫ್ ಮೊದಲು

ರಿಫ್ ಎಂದರೆ ಎರಡು ಅಥವಾ ನಾಲ್ಕು ಆವರ್ತಗಳಷ್ಟು ಉದ್ದದ, ಮತ್ತೆ ಮತ್ತೆ ಬರುವ ಒಂದು ಸ್ವರಗುಚ್ಛ. ಸಿನಿಮಾ ಹಾಡಿನಲ್ಲಿ ಪಲ್ಲವಿಯನ್ನು ಹಾಡುಗಾರ ಹೊತ್ತಿರುತ್ತಾನೆ, ವಾದ್ಯಗಳು ಅವನ ಹಿಂದೆ ನಡೆಯುತ್ತವೆ. ಈ ಬಗೆಯ ರಾಕ್‌ನಲ್ಲಿ ಪಲ್ಲವಿ ಗಿಟಾರಿನದು, ಹಾಡುಗಾರ ಅದು ಬಿಟ್ಟುಕೊಟ್ಟ ಜಾಗದಲ್ಲಿ ಮಾತ್ರ ಬಾಯಿ ತೆರೆಯುತ್ತಾನೆ. ಆದ್ದರಿಂದ ಸಾಹಿತ್ಯ ಬರೆದುಕೊಂಡು ಆಮೇಲೆ ಅದಕ್ಕೆ ಗಿಟಾರು ಜೋಡಿಸಲು ಹೊರಟರೆ ಕೆಲಸ ತಲೆಕೆಳಗಾಗುತ್ತದೆ. ನಾವು ಮೊದಲ ಎರಡು ತಿಂಗಳು ಕಳೆದದ್ದು ಈ ತಲೆಕೆಳಗಿನ ಕೆಲಸದಲ್ಲಿ.

ಈ ಭಾರದ ಧ್ವನಿ ಹುಟ್ಟಿದ್ದು ಹೇಗೆಂಬುದನ್ನು ತಿಳಿದರೆ ಅದನ್ನು ಪಡೆಯುವ ದಾರಿಯೂ ಅರ್ಧ ತಿಳಿದಂತೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಟೋನಿ ಅಯೋಮಿ ಹದಿನೇಳರ ಹರೆಯದಲ್ಲಿ, ತಗಡಿನ ಕಾರ್ಖಾನೆಯಲ್ಲಿ ತನ್ನ ಕೊನೆಯ ದಿನದ ಕೆಲಸ ಮಾಡುತ್ತಿದ್ದಾಗ, ಬಲಗೈಯ ಎರಡು ಬೆರಳುಗಳ ತುದಿಯನ್ನು ಯಂತ್ರದಲ್ಲಿ ಕಳೆದುಕೊಂಡ. ಅವನು ಎಡಚನಾದ್ದರಿಂದ ತಂತಿಗಳನ್ನು ಒತ್ತುವ ಕೈ ಅದೇ ಆಗಿತ್ತು. ಪ್ಲಾಸ್ಟಿಕ್ ಬಾಟಲಿಯೊಂದನ್ನು ಕರಗಿಸಿ ಬೆರಳುಗಳಿಗೆ ಟೊಪ್ಪಿಗೆ ಮಾಡಿಕೊಂಡು, ನೋವಾಗದಂತೆ ಸಪೂರ ತಂತಿಗಳನ್ನು ಹಾಕಿಕೊಂಡು ಮತ್ತೆ ನುಡಿಸಲು ಕಲಿತ. 1968ರಲ್ಲಿ ಅವನೂ ಗೆಳೆಯರೂ ಕಟ್ಟಿದ ತಂಡವೇ ಬ್ಲ್ಯಾಕ್ ಸಬ್ಬತ್ ಆಯಿತು. 1971ರಲ್ಲಿ ಬಂದ ಮೂರನೆಯ ಆಲ್ಬಮ್‌ನ ಹೊತ್ತಿಗೆ ಅವರು ಕೆಲವು ಹಾಡುಗಳಿಗೆ ಶ್ರುತಿಯನ್ನು ಮೂರು ಅರ್ಧಸ್ವರಗಳಷ್ಟು ಕೆಳಗಿಳಿಸಿದ್ದರು. ತಂತಿ ಸಡಿಲವಾದರೆ ಬೆರಳಿಗೆ ಹಿತ. ಆ ಸಡಿಲದಿಂದ ಹೊರಟ ದಪ್ಪ ನಾದವನ್ನೇ ಮುಂದೆ ಲೋಕದ ತುಂಬ ತಂಡಗಳು ಬೇಕೆಂದೇ ಹುಡುಕಿಕೊಂಡು ಹೋದವು.

ಗಿಟಾರಿನ ಸಾಮಾನ್ಯ ಶ್ರುತಿಯಲ್ಲಿ ಅತಿ ದಪ್ಪ ತಂತಿ ಸುಮಾರು 82 ಹರ್ಟ್ಸ್‌ನಲ್ಲಿ ಕಂಪಿಸುವ 'ಇ' (E) ಸ್ವರ. ಆ ಒಂದು ತಂತಿಯನ್ನು ಮಾತ್ರ ಒಂದು ಪೂರ್ಣಸ್ವರ ಇಳಿಸಿ ಡಿ ಮಾಡಿದರೆ, ಎಂದರೆ ಸುಮಾರು 73 ಹರ್ಟ್ಸ್‌ಗೆ ತಂದರೆ, ಅತಿ ದಪ್ಪದ ಮೂರು ತಂತಿಗಳು ಡಿ, ಎ, ಡಿ ಆಗುತ್ತವೆ. ಸಂಗೀತ ಪಾಠಕ್ಕೆ ಹೋದ ಯಾರಿಗಾದರೂ ಇದು ಕೂಡಲೇ ಹೊಳೆಯಬೇಕು: ಇದು ಸ, ಪ, ಸ. ನಮ್ಮ ಶ್ರುತಿಪೆಟ್ಟಿಗೆ ದಿನವಿಡೀ ಹೇಳುವುದನ್ನೇ ಹೆವಿ ರಾಕ್‌ನವರು ಪವರ್ ಕಾರ್ಡ್ ಎಂದು ಕರೆಯುತ್ತಾರೆ. ಗಾಂಧಾರವನ್ನು ಅದರಿಂದ ದೂರ ಇಡಲು ಕಾರಣವಿದೆ. ಆಂಪ್‌ನಲ್ಲಿ (ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಪೆಟ್ಟಿಗೆ) ಡಿಸ್ಟಾರ್ಷನ್, ಎಂದರೆ ನಾದವನ್ನು ಬೇಕೆಂದೇ ಒಡೆಯುವ ಗುಣ, ಏರಿಸಿದಾಗ ಪ್ರತಿಯೊಂದು ಸ್ವರದಿಂದಲೂ ಅದರ ಉಪಸ್ವರಗಳು ಚಿಮ್ಮುತ್ತವೆ. ಸ ಮತ್ತು ಪಗಳ ಉಪಸ್ವರಗಳು ಒಂದರೊಳಗೊಂದು ಕೂಡಿಕೊಳ್ಳುತ್ತವೆ, ಗಾಂಧಾರ ಬಂದೊಡನೆ ಅವು ಕಚ್ಚಾಡಿ ನಾದ ಕಲಸಿಹೋಗುತ್ತದೆ. ಈ ಶ್ರುತಿಯಲ್ಲಿ ಮೂರು ತಂತಿಗಳ ಮೇಲೆ ಒಂದೇ ಬೆರಳನ್ನು ಅಡ್ಡವಿಟ್ಟು ಮೇಲೆ ಕೆಳಗೆ ಸರಿದರೆ ಸಾಕು, ಹೊಸಬನ ಕೈಯಲ್ಲೂ ರಿಫ್ ಹೊರಡುತ್ತದೆ. ಇನ್ನೂ ಕೆಳಗೆ, 'ಸಿ' (C) ಸ್ವರಕ್ಕೆ ಇಳಿಯುವ ಆಸೆಯಾದರೆ ತಂತಿಗಳನ್ನು ಬದಲಿಸಬೇಕು. 9ರಿಂದ 42ರ (ದಪ್ಪವನ್ನು ಇಂಚಿನ ಸಾವಿರದಲ್ಲೊಂದು ಭಾಗಗಳಲ್ಲಿ ಎಣಿಸಿದ್ದು) ಸಪೂರ ಸೆಟ್ಟು ಅಷ್ಟು ಕೆಳಗೆ ಒದ್ದೆ ಹಗ್ಗದಂತೆ ಜೋಲುತ್ತದೆ. 11ರಿಂದ 54ರ ಸೆಟ್ಟು ಹಾಕಿ, ಫ್ರೆಟ್‌ಗಳ ಮೇಲೆ ಸ್ವರ ಸರಿಯಿದೆಯೇ ಎಂದು ಇನ್ನೊಮ್ಮೆ ಹೊಂದಿಸಿಕೊಳ್ಳಬೇಕು. ಅಯೋಮಿ ಸಪೂರ ತಂತಿ ಹಾಕಿದನೆಂದು ನೀವೂ ಹಾಕಬೇಕಾಗಿಲ್ಲ. ಅವನಿಗಿದ್ದ ಕಾರಣ ನಿಮಗಿಲ್ಲ.

ಮೊದಲ ರಿಫ್ಫನ್ನು ಹೀಗೆ ಹುಡುಕಬಹುದು. ದಪ್ಪ ತಂತಿಯನ್ನು ಒತ್ತದೆ ಮೀಟಿದರೆ ಷಡ್ಜ. ಒಂದನೆಯ ಫ್ರೆಟ್‌ನಲ್ಲಿ ಶುದ್ಧ ರಿಷಭ, ಮೂರರಲ್ಲಿ ಸಾಧಾರಣ ಗಾಂಧಾರ, ಐದರಲ್ಲಿ ಶುದ್ಧ ಮಧ್ಯಮ, ಆರರಲ್ಲಿ ಪ್ರತಿ ಮಧ್ಯಮ, ಏಳರಲ್ಲಿ ಪಂಚಮ. ಎಂಟು ಎಣಿಕೆಯ ಒಂದು ಆವರ್ತವನ್ನು ತೆಗೆದುಕೊಳ್ಳಿ. ಒಂದು ಮತ್ತು ಎರಡನೆಯ ಎಣಿಕೆಗೆ ಷಡ್ಜ, ಮೂರನೆಯದು ಖಾಲಿ, ನಾಲ್ಕಕ್ಕೆ ಗಾಂಧಾರ, ಅದು ಐದರವರೆಗೂ ಮೊಳಗಲಿ, ಆರಕ್ಕೆ ರಿಷಭ, ಏಳಕ್ಕೆ ಮತ್ತೆ ಷಡ್ಜ, ಎಂಟು ಖಾಲಿ. ನಿಮಿಷಕ್ಕೆ ಎಪ್ಪತ್ತು ಎಣಿಕೆಯ ನಡೆಯಲ್ಲಿ ಇದನ್ನು ಮೂರು ಸಲ ನುಡಿಸಿ, ನಾಲ್ಕನೆಯ ಸಲ ರಿಷಭದ ಜಾಗದಲ್ಲಿ ಆರನೆಯ ಫ್ರೆಟ್‌ನ ಪ್ರತಿ ಮಧ್ಯಮವನ್ನು ಇಟ್ಟು, ಷಡ್ಜಕ್ಕೆ ಮರಳದೆ ಅಲ್ಲಿಯೇ ನಿಲ್ಲಿಸಿ. ಕೋಣೆಯ ಗಾಳಿ ಬದಲಾಗುವುದು ಗೊತ್ತಾಗುತ್ತದೆ. ಷಡ್ಜದಿಂದ ಮೇಲಿನ ಷಡ್ಜಕ್ಕಿರುವ ದಾರಿಯ ಸರಿ ಅರ್ಧದಲ್ಲಿ ಈ ಸ್ವರ ನಿಂತಿದೆ. 1970ರ ಫೆಬ್ರವರಿ 13ರಂದು ಹೊರಬಂದ ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್ ತೆರೆದುಕೊಳ್ಳುವ ರಿಫ್ಫಿನಲ್ಲಿ ಇರುವುದು ಷಡ್ಜ, ಮೇಲಿನ ಷಡ್ಜ ಮತ್ತು ಈ ಪ್ರತಿ ಮಧ್ಯಮ, ಅಷ್ಟೇ. ಯುರೋಪಿನವರು ಈ ಅಂತರಕ್ಕೆ ಸೈತಾನನ ಹೆಸರಿಟ್ಟರು. ನಮ್ಮಲ್ಲಿ ಅದೇ ಸ್ವರ ಕಲ್ಯಾಣಿಯಲ್ಲಿ ಕುಳಿತು ಮದುವೆ ಚಪ್ಪರಕ್ಕೂ ಬರುತ್ತದೆ, ಯಾರೂ ಹೆದರುವುದಿಲ್ಲ. ಏಕೆಂದರೆ ಅಲ್ಲಿ ಅದರ ಪಕ್ಕದಲ್ಲೇ ಪಂಚಮ ಕಾಯುತ್ತಿರುತ್ತದೆ. ರಿಫ್ಫಿನಲ್ಲಿ ಆ ಪಂಚಮವನ್ನು ಕೊಡದೆ ಕೇಳುಗನನ್ನು ಕಾಯಿಸುವುದೇ ಕೆಲಸ.

ರಾಗದ ತಿಳಿವಳಿಕೆ ಇದ್ದವರಿಗೆ ಇಲ್ಲಿ ಒಂದು ಅನುಕೂಲವಿದೆ, ಒಂದು ಅಪಾಯವೂ ಇದೆ. ಹನುಮತೋಡಿಯ ಸ್ವರಗಳನ್ನು ಹೆವಿ ಮೆಟಲ್‌ನವರು ಫ್ರಿಜಿಯನ್ ಎಂದು ಕರೆದು ಧಾರಾಳವಾಗಿ ಬಳಸುತ್ತಾರೆ, ಶುದ್ಧ ಧನ್ಯಾಸಿಯ ಐದು ಸ್ವರಗಳು ಬ್ಲೂಸ್‌ನವರ ಮೈನರ್ ಪೆಂಟಟೋನಿಕ್‌ಗೆ ಸಮ. ಹೀಗಾಗಿ ಸ್ವರಗಳು ಬೇಗ ಕೈಗೆ ಹತ್ತುತ್ತವೆ. ಆದರೆ ಕಲಿತವನಿಗೆ ಸುಮ್ಮನಿರಲು ಬರುವುದಿಲ್ಲ. ನಮ್ಮ ಎರಡನೆಯ ಗಿಟಾರಿನವನು ಹತ್ತು ವರ್ಷ ಪಿಟೀಲು ಅಭ್ಯಾಸ ಮಾಡಿದವನು. ಪ್ರತಿ ಆವರ್ತಕ್ಕೂ ಒಂದು ಸಂಗತಿ ಸೇರಿಸುತ್ತಿದ್ದ, ರಿಫ್ ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಇಲ್ಲಿ ಎಂಟು ಸಲ ನುಡಿಸಿದರೆ ಎಂಟೂ ಸಲ ಅದೇ ಆಗಿರಬೇಕು. ಕೊಟ್ಟಿಗೆಯ ಯಜಮಾನರು ಒಂದು ದಿನ ಬಾಗಿಲಲ್ಲಿ ನಿಂತು, "ಎಂತ ಮಾರಾಯ, ಅರ್ಧ ಗಂಟೆಯಿಂದ ಅದೇ ಆಯ್ತಲ್ಲ, ಮುಂದಿನದ್ದು ಬರುವುದಿಲ್ಲವಾ?" ಎಂದು ಕೇಳಿದರು. ಮರುದಿನ ಅದೇ ಯಜಮಾನರು ಅಡಿಕೆ ಸುಲಿಯುತ್ತ ಅದನ್ನೇ ಗುನುಗುತ್ತಿದ್ದರು. ರಿಫ್ಫನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬುದಕ್ಕೆ ಅಂದಿನಿಂದ ನಮ್ಮದು ಇದೇ ಪರೀಕ್ಷೆ: ಫೋನಿನಲ್ಲಿ ಧ್ವನಿಮುದ್ರಿಸಿ ಇಟ್ಟು, ಎರಡು ದಿನ ಕೇಳದೆ ಬಿಟ್ಟು, ಮೂರನೆಯ ದಿನ ತಾನಾಗಿ ನೆನಪಿಗೆ ಬಂದದ್ದನ್ನು ಮಾತ್ರ ಉಳಿಸಿಕೊಳ್ಳುವುದು.

ಬದಲಾವಣೆಯನ್ನು ತರಬೇಕಾದವನು ಡ್ರಮ್ಮಿನವನು. ಗಿಟಾರು ಒಂದೇ ಕಡೆ ನಿಂತಿರುವಾಗ ಅವನು ಮೊದಲ ನಾಲ್ಕು ಆವರ್ತಕ್ಕೆ ಹೈಹ್ಯಾಟ್ (ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ತಾಳ) ಮುಚ್ಚಿ, ಮುಂದಿನ ನಾಲ್ಕಕ್ಕೆ ತೆರೆದು, ಆಮೇಲೆ ಕ್ರ್ಯಾಶ್ ತಾಳಕ್ಕೆ ಹೋದರೆ ಅದೇ ರಿಫ್ ಮೂರು ಪಟ್ಟು ದೊಡ್ಡದಾಗಿ ಕೇಳುತ್ತದೆ. ತೆಂಕುತಿಟ್ಟಿನ ಹಿಮ್ಮೇಳವನ್ನು ಹತ್ತಿರದಿಂದ ಕಂಡವರಿಗೆ ಇದು ಹೊಸದಲ್ಲ. ಭಾಗವತರ ಪದ ನಡೆಯುವಾಗ ಮದ್ದಳೆ ಅದರ ಬೆನ್ನಿಗೇ ಇರುತ್ತದೆ. ಚೆಂಡೆ ತನ್ನ ಸರದಿಗೆ ಕಾದು, ಬಂದಾಗ ಇಡೀ ರಂಗಸ್ಥಳವನ್ನು ಎತ್ತಿಬಿಡುತ್ತದೆ. ಬೇಸ್ ಗಿಟಾರಿನವನನ್ನು ಮದ್ದಳೆಗಾರನೆಂದು ತಿಳಿಯಿರಿ: ಅವನ ಮೀಟು ಡ್ರಮ್ಮಿನ ಕಾಲಿನ ಪೆಟ್ಟಿನೊಡನೆ ಕೂದಲೆಳೆಯೂ ತಪ್ಪದೆ ಬೀಳಬೇಕು. ಇದಕ್ಕಾಗಿ ವಾರಕ್ಕೊಂದು ದಿನ ಗಿಟಾರುಗಳನ್ನು ಮನೆಯಲ್ಲಿ ಬಿಟ್ಟು ಇವರಿಬ್ಬರೇ ಕುಳಿತು ಅಭ್ಯಾಸ ಮಾಡಬೇಕು. ನಿಧಾನದ ನಡೆ ವೇಗದ ನಡೆಗಿಂತ ಕಷ್ಟ. ಎರಡು ಪೆಟ್ಟುಗಳ ನಡುವಿನ ಖಾಲಿಯಲ್ಲಿ ಕೈ ತಾನಾಗಿ ಮುಂದೆ ಓಡುತ್ತದೆ, ನಿಮಿಷಕ್ಕೆ ಅರುವತ್ತೈದರಲ್ಲಿ ಹೊರಟ ಹಾಡು ಕೊನೆಗೆ ಎಂಬತ್ತಕ್ಕೆ ಮುಟ್ಟುತ್ತದೆ. ಮೆಟ್ರೊನೋಮ್ (ಎಣಿಕೆಗೆ ಸರಿಯಾಗಿ ಟಿಕ್ ಎನ್ನುವ ಸಾಧನ) ಇಟ್ಟುಕೊಂಡು ಅಭ್ಯಾಸ ಮಾಡಿ, ಹಾಡು ಪಳಗಿದ ಮೇಲೆ ಅದನ್ನು ಬಿಟ್ಟುಬಿಡಿ. ಏಳರ ಲೆಕ್ಕದ ರಿಫ್ ಮಾಡುವ ಆಸೆಯಿದ್ದರೆ ಪಾಶ್ಚಾತ್ಯ ಪುಸ್ತಕ ತೆರೆಯಬೇಕಾಗಿಲ್ಲ. ತ್ರಿವುಡೆಯ ಮೂರು, ಎರಡು, ಎರಡನ್ನು ಕೈಯಲ್ಲಿ ತಟ್ಟಿಕೊಂಡು ಗಿಟಾರಿಗೆ ದಾಟಿಸಿದರೆ ಆಯಿತು.

ಸಾಮಾನಿನ ವಿಷಯದಲ್ಲಿ ಹೆಚ್ಚು ಹೇಳುವುದಕ್ಕಿಲ್ಲ. ಕೊಟ್ಟಿಗೆಯಲ್ಲಿ 30 ವ್ಯಾಟಿನ ಆಂಪ್ ಸಾಕು. 100 ವ್ಯಾಟಿನದ್ದನ್ನು ಕೊಂಡವರು ಅದರ ಗುಂಡಿಯನ್ನು ಎರಡರ ಮೇಲೆ ತಿರುಗಿಸಿದ್ದನ್ನು ನಾನು ಕಂಡಿಲ್ಲ. ಒಂದು ಒಳ್ಳೆಯ ಫಜ್ ಪೆಡಲ್ (ನಾದವನ್ನು ಕರಕರ ಒಡೆಯುವ, ಕಾಲಲ್ಲಿ ಒತ್ತುವ ಪೆಟ್ಟಿಗೆ) ಕೊಳ್ಳಿ, 1969ರಿಂದ ಬರುತ್ತಿರುವ ಬಿಗ್ ಮಫ್‌ನ ಜಾತಿಯದ್ದು. ಗಿಟಾರನ್ನು ಬೇಸ್ ಆಂಪ್‌ಗೆ ಕೊಟ್ಟು ನೋಡುವುದಕ್ಕೆ ಖರ್ಚೇ ಇಲ್ಲ; ಕ್ಯಾಲಿಫೋರ್ನಿಯಾದ ಕಯಸ್ ತಂಡದ ಗಿಟಾರಿನ ಮಣ್ಣುಹಿಡಿದಂತಹ ಧ್ವನಿ ಹಾಗೆಯೇ ಬಂದದ್ದು.

ಕೊಟ್ಟಿಗೆ

ಅಭ್ಯಾಸದ ಜಾಗದಲ್ಲಿ ಮೊದಲು ನೋಡಬೇಕಾದದ್ದು ಧ್ವನಿಯಲ್ಲ, ವಿದ್ಯುತ್ತು. ನಮ್ಮ ಕೊಟ್ಟಿಗೆಯ ಪ್ಲಗ್ಗಿಗೆ ಮೂರು ತೂತುಗಳಿದ್ದವು, ಮೂರನೆಯ ತೂತಿನ ಹಿಂದೆ ತಂತಿಯೇ ಇರಲಿಲ್ಲ. ಮೊದಲ ವಾರ ನಾನು ಗಿಟಾರಿನ ತಂತಿಗಳ ಮೇಲೆ ಕೈಯಿಟ್ಟುಕೊಂಡು ಮೈಕಿಗೆ ತುಟಿ ತಾಗಿಸಿದಾಗ ತುಟಿಗೆ ಚೇಳು ಕಚ್ಚಿದಂತಾಯಿತು. ಮಳೆಗಾಲದ ಒದ್ದೆ ಸಿಮೆಂಟು ನೆಲದ ಮೇಲೆ ಬರಿಗಾಲಿನಲ್ಲಿ ನಿಂತಿದ್ದೆ. ಇದು ನಗುವ ವಿಷಯವಲ್ಲ. 1972ರ ಮೇ ತಿಂಗಳಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರಿಸ್ಟ್ ಲೆಸ್ ಹಾರ್ವೆ ವೇಲ್ಸಿನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೆಯೇ ಹೀಗೆ ವಿದ್ಯುತ್ತು ಹೊಡೆದು ಸತ್ತ. ಪರವಾನಗಿಯುಳ್ಳ ವಯರ್‌ಮನ್‌ನನ್ನು ಕರೆಸಿ ನೆಲಕ್ಕೆ ಸರಿಯಾದ ಅರ್ಥಿಂಗ್ ಕೊಡಿಸಿ, 30 ಮಿಲಿಆಂಪಿಯರಿಗೆ ಬೀಳುವ ಆರ್‌ಸಿಸಿಬಿ, ಎಂದರೆ ವಿದ್ಯುತ್ತು ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್ಚು, ಹಾಕಿಸಿ, ಎಲ್ಲ ಆಂಪ್‌ಗಳಿಗೂ ಮೈಕಿನ ಮಿಕ್ಸರಿಗೂ ಒಂದೇ ಸಾಲಿನಿಂದ ವಿದ್ಯುತ್ತು ಕೊಡಿ. ಆಂಪ್ ಗುಂಯ್ ಎನ್ನುತ್ತದೆಂದು ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಕಿತ್ತುಹಾಕುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿ. ಗಿಟಾರಿಗಿಂತ ಮೊದಲು ಈ ಖರ್ಚು.

ಸದ್ದಿನ ನಿರ್ವಹಣೆಗೆ ಕೊಟ್ಟಿಗೆಯಲ್ಲಿರುವುದೇ ಬೇಕಾದಷ್ಟಾಯಿತು. ಅಡಿಕೆ ತುಂಬಿದ ಗೋಣಿಗಳನ್ನು ಗೋಡೆಗೆ ಸಾಲಾಗಿ ಒರಗಿಸಿದರೆ ಪ್ರತಿಧ್ವನಿ ಅಡಗುತ್ತದೆ. ಖಾಲಿ ಗೋಣಿಯನ್ನು ಒಂದೇ ಪದರವಾಗಿ ನೇತುಹಾಕಿದರೆ ತಾಳದ ಚುರುಕು ಸ್ವಲ್ಪ ತಗ್ಗುತ್ತದೆಯೇ ಹೊರತು ಬೇಸ್ ಹಾಗೆಯೇ ಉಳಿಯುತ್ತದೆ. ಮಂದ್ರದ ಧ್ವನಿಯನ್ನು ನುಂಗಲು ದಪ್ಪ ಬೇಕು, ತೂಕ ಬೇಕು. ಸ್ಪೀಕರ್ ಪೆಟ್ಟಿಗೆಗಳನ್ನು ನೆಲದಲ್ಲಿಡದೆ ಮುರಕಲ್ಲಿನ, ಎಂದರೆ ಜಂಬಿಟ್ಟಿಗೆಯ, ಮೇಲಿಡಿ. ನಾವು ಒಂದು ತಿಂಗಳು ಊರಿನಲ್ಲಿಲ್ಲದಾಗ ಗೆದ್ದಲು ಒಂದು ಪ್ಲೈವುಡ್ ಪೆಟ್ಟಿಗೆಯ ಬೆನ್ನನ್ನು ತಿಂದಿತ್ತು. ಉಕ್ಕಿನ ತಂತಿಗಳು ಆಟಿ ತಿಂಗಳ ತೇವಕ್ಕೆ ವಾರದೊಳಗೆ ತುಕ್ಕು ಹಿಡಿಯುತ್ತವೆ. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಪ್ರತಿಯೊಂದು ತಂತಿಯನ್ನೂ ಒರಸಿ, ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು ಒಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿಡಬೇಕು.

ಕಿವಿಯ ಲೆಕ್ಕವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ದಿನಕ್ಕೆ ಎಂಟು ಗಂಟೆ 85 ಡೆಸಿಬೆಲ್ ತಡೆದುಕೊಳ್ಳಬಹುದೆಂಬುದು ಕೆಲಸದ ಜಾಗಗಳಿಗೆ ಹಾಕಿಕೊಂಡಿರುವ ಮಿತಿ, ಪ್ರತಿ 3 ಡೆಸಿಬೆಲ್ ಏರಿದಾಗ ಆ ಹೊತ್ತು ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಬಂದಾಗ ಉಳಿಯುವುದು ಹದಿನೈದು ನಿಮಿಷ. ಮುಚ್ಚಿದ ಕೋಣೆಯಲ್ಲಿ ಡ್ರಮ್ಮು ಮತ್ತು ಎರಡು ಆಂಪ್‌ಗಳು ಈ ಮಟ್ಟವನ್ನು ಸುಲಭವಾಗಿ ದಾಟುತ್ತವೆ. ಔಷಧದ ಅಂಗಡಿಯ ಸ್ಪಂಜಿನ ಇಯರ್‌ಪ್ಲಗ್ ಹಾಕಿಕೊಳ್ಳದವನನ್ನು ನಮ್ಮಲ್ಲಿ ಒಳಗೆ ಬಿಡುವುದಿಲ್ಲ.

ಮಾತು ಮತ್ತು ಹೆಸರು

ರಿಫ್ಫುಗಳು ನಾಲ್ಕೈದಾದ ಮೇಲೆ ಸಾಹಿತ್ಯದ ಪ್ರಶ್ನೆ ಬರುತ್ತದೆ. ಇಂಗ್ಲಿಷಿನಲ್ಲಿ ಬರೆಯುವುದು ಸುಲಭವೆಂದು ಎಲ್ಲರೂ ಮೊದಲು ಅತ್ತ ಓಡುತ್ತಾರೆ, ನಾವೂ ಓಡಿದೆವು. ಕನ್ನಡದಲ್ಲಿ ಬರೆಯಲು ಕುಳಿತಾಗ ಒಂದು ನಿಜವಾದ ತೊಡಕು ಎದುರಾಯಿತು. ಇಂದಿನ ಕನ್ನಡದ ಪದಗಳು ಹೆಚ್ಚುಕಡಮೆ ಎಲ್ಲ ಸ್ವರದಲ್ಲಿ ಕೊನೆಯಾಗುತ್ತವೆ, ಅದರಲ್ಲೂ ಉಕಾರ ಬಹಳ. ರಿಫ್ ಥಟ್ಟನೆ ನಿಂತಲ್ಲಿ ಹಾಡುಗಾರನ ಬಾಯಿಯಲ್ಲಿ 'ಕಡಲು' ಎಂಬುದರ 'ಲು' ಬಾಲದಂತೆ ನೇತಾಡುತ್ತದೆ. ಹಳಗನ್ನಡದಲ್ಲಿ ಈ ತೊಡಕಿಲ್ಲ: ಕಡಲ್, ಇರುಳ್, ಮುಗಿಲ್, ಬಾನ್, ಮಣ್. ವ್ಯಂಜನದಲ್ಲಿ ಮುಚ್ಚಿಕೊಳ್ಳುವ ಈ ಪದಗಳು ಡ್ರಮ್ಮಿನ ಪೆಟ್ಟಿನೊಡನೆ ಒಟ್ಟಿಗೆ ನಿಲ್ಲುತ್ತವೆ. ಗಡಿನಾಡಿನವರಿಗೆ ಇದರಲ್ಲಿ ಇನ್ನೂ ಒಂದು ಲಾಭವಿದೆ, ಬೆಂಗಳೂರಿನ ತಂಡಕ್ಕೆ ಅದು ಸಿಗದು. 'ಕಡಲ್' ಎಂದರೆ ತುಳುವಿನವನಿಗೂ ಅದೇ, ಮಲಯಾಳದವನಿಗೂ ಅದೇ. 'ಇರುಳ್' ಎಂದರೆ ಮಲಯಾಳದಲ್ಲಿ ಕತ್ತಲೆ, ನಮಗೆ ರಾತ್ರಿ, ತುಳುವಿನಲ್ಲಿ ನಾಲಗೆ ಸ್ವಲ್ಪ ಹೊರಳಿದರೂ ಅರ್ಥ ರಾತ್ರಿಯೇ. ಕುಂಬಳೆಯಲ್ಲಿ ನುಡಿಸಿದರೂ ಕಾಞಂಗಾಡಿನಲ್ಲಿ ನುಡಿಸಿದರೂ ಮುಂದಿನ ಸಾಲಿನವರು ಹಾಡಿನ ಮುಖ್ಯ ಪದವನ್ನು ಅನುವಾದವಿಲ್ಲದೆ ಕೂಗಬಲ್ಲರು. ಹಾಡೊಂದರಲ್ಲಿ ಪದಗಳು ಕಡಮೆಯಿರಲಿ; ದೀರ್ಘಸ್ವರಗಳಿರುವ ಪದಗಳನ್ನು ಆವರ್ತದ ಉದ್ದಕ್ಕೂ ಎಳೆಯುವ ಜಾಗದಲ್ಲಿಟ್ಟು, ಮುಚ್ಚಿದ ಪದಗಳನ್ನು ನಿಲುಗಡೆಗೆ ಇಡಿ. ಹಳಗನ್ನಡವೆಂದು ಹೇಳಿ ಪಂಪನ ಕಾಲದ ವ್ಯಾಕರಣವನ್ನೇ ಎಳೆದು ತರುವುದು ಬೇಡ, ಯಾರಿಗೂ ಅರ್ಥವಾಗುವುದಿಲ್ಲ. ಪದಗಳನ್ನು ಮಾತ್ರ ತೆಗೆದುಕೊಳ್ಳಿ.

ತಮ್ಮ ಭಾಷೆಯಲ್ಲಿ ರಾಕ್ ಒಪ್ಪುವುದಿಲ್ಲವೆಂಬ ಮಾತನ್ನು ಕೇರಳದ ಅವಿಯಲ್ ತಂಡ 2008ರ ತನ್ನ ಮೊದಲ ಆಲ್ಬಮ್‌ನಿಂದಲೇ ಅಲ್ಲಗಳೆಯಿತು, ಅದೂ ಪಲ್ಯದ ಹೆಸರಿಟ್ಟುಕೊಂಡು. ಹೆಸರಿನ ವಿಷಯದಲ್ಲಿ ನನಗೆ ಬಹಳ ಹಿಡಿಸಿದ್ದು ಬೆಂಗಳೂರಿನ ಬೇವರ್ ಸೀ. ನಿಧಾನದ, ಭಾರದ ರಿಫ್ಫುಗಳ ಈ ತಂಡದ ಮೊದಲ ಆಲ್ಬಮ್ 2012ರಲ್ಲಿ ಬಂತು. ಬರೆದಾಗ ಇಂಗ್ಲಿಷಿನ ಎರಡು ಪದಗಳಂತೆ ಕಾಣುವ ಈ ಹೆಸರನ್ನು ಗಟ್ಟಿಯಾಗಿ ಹೇಳಿದರೆ ಅಜ್ಜಂದಿರು ಮೊಮ್ಮಕ್ಕಳನ್ನು ಬೈಯುವ ಪದವಾಗುತ್ತದೆ. ಹೆಸರು ಒಮ್ಮೆ ಕೇಳಿದರೆ ನೆನಪಿರಬೇಕು, ಹುಡುಕಿದರೆ ನೀವೊಬ್ಬರೇ ಸಿಗಬೇಕು. ಬ್ಲ್ಯಾಕ್ ಸಬ್ಬತ್‌ನವರು ಮೊದಲು ಇಟ್ಟುಕೊಂಡಿದ್ದ ಹೆಸರನ್ನು ಬಿಡಬೇಕಾಗಿ ಬಂದದ್ದು ಅದೇ ಹೆಸರಿನ ಇನ್ನೊಂದು ತಂಡ ಇದ್ದುದರಿಂದ.

ಹೊರಗೆ ಬರುವುದು

ನಮ್ಮ ಮೊದಲ ಸಾರ್ವಜನಿಕ ಪ್ರದರ್ಶನ ಒಂದು ಯುವಕ ಸಂಘದ ವಾರ್ಷಿಕೋತ್ಸವದಲ್ಲಿ, ಭಕ್ತಿಗೀತೆಗೂ ನಾಟಕಕ್ಕೂ ನಡುವೆ ಸಿಕ್ಕಿದ ಹತ್ತು ನಿಮಿಷಗಳಲ್ಲಿ ನಡೆಯಿತು. ಮೊದಲ ರಿಫ್ ಹೊರಟ ಕೂಡಲೇ ಮೈಕ್ ಸೆಟ್ಟಿನವರು ಓಡಿಬಂದು ಗಿಟಾರಿನ ಕೇಬಲ್ ಬದಲಿಸಿದರು. ಮತ್ತೆ ಕರಕರ ಎಂದಾಗ ಇನ್ನೊಂದು ಕೇಬಲ್ ತಂದರು. ಮೂರನೆಯ ಸಲ ಆಂಪ್ ಸುಟ್ಟಿತೆಂದು ತಿಳಿದು ಸ್ವಿಚ್ಚನ್ನೇ ಆರಿಸಿಬಿಟ್ಟರು. ಅವರ ತಪ್ಪಿಲ್ಲ, ಫಜ್ಜನ್ನು ಅವರು ಕೇಳಿಯೇ ಇರಲಿಲ್ಲ, ನಾವು ಹೇಳಿಯೂ ಇರಲಿಲ್ಲ. ಪ್ರದರ್ಶನಕ್ಕೆ ಎರಡು ದಿನ ಮೊದಲು ಧ್ವನಿಯ ಉಸ್ತುವಾರಿಯವರಿಗೆ ಒಂದು ಹಾಳೆಯಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ, ಎಷ್ಟು ಮೈಕು ಬೇಕು, ಎಷ್ಟು ಪ್ಲಗ್ಗು ಬೇಕು ಎಂಬುದನ್ನು ಚಿತ್ರ ಸಹಿತ ಬರೆದು ಕೊಡಬೇಕು, ಸೌಂಡ್ ಚೆಕ್‌ನಲ್ಲಿ ಆ ಕರಕರವನ್ನು ಕೇಳಿಸಿ ಅದು ಬೇಕೆಂದೇ ಮಾಡಿದ್ದೆಂದು ಹೇಳಬೇಕು.

ಇನ್ನೊಬ್ಬರ ವೇದಿಕೆಗಾಗಿ ಕಾಯುವುದಕ್ಕಿಂತ ತಾವೇ ಪ್ರದರ್ಶನ ಮಾಡುವುದು ಉತ್ತಮವೆಂದು ನಾವು ಆ ಸಂಜೆಯೇ ತೀರ್ಮಾನಿಸಿದೆವು. ಭೂಗತವೆನಿಸಿಕೊಳ್ಳುವ ಈ ಸಂಗೀತ ಎಲ್ಲೆಡೆ ಬೆಳೆದದ್ದೂ ಹೀಗೆಯೇ. ಎಂಬತ್ತರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಪಾಮ್ ಡೆಸರ್ಟ್ ಊರಿನ ಹುಡುಗರಿಗೆ ನುಡಿಸಲು ಕ್ಲಬ್ಬುಗಳು ಇಲ್ಲದಾಗ ಜನರೇಟರ್ ಹೊತ್ತುಕೊಂಡು ಮರುಭೂಮಿಗೆ ಹೋದರು. ಕಯಸ್ ತಂಡ ಬೆಳೆದದ್ದು ಆ ಕೂಟಗಳಲ್ಲಿ. ನಮ್ಮಲ್ಲಿ ಮರುಭೂಮಿಯ ಬದಲಿಗೆ ಪದವುಗಳಿವೆ, ನವೆಂಬರಿನಲ್ಲಿ ಒಣಗಿ ಹೊನ್ನಬಣ್ಣಕ್ಕೆ ತಿರುಗುವ ಮುಳಿಹುಲ್ಲಿನ ಮುರಕಲ್ಲಿನ ಬಯಲುಗಳು. ಆದರೆ ಇಲ್ಲಿ ಯಾವ ಬಯಲೂ ಮನೆಗಳಿಂದ ಬಹಳ ದೂರವಿಲ್ಲ. ಜಾಗದ ಒಡೆಯರ ಒಪ್ಪಿಗೆ ಪಡೆದು, ಪೊಲೀಸ್ ಠಾಣೆಗೆ ಮೊದಲೇ ಅರ್ಜಿ ಕೊಟ್ಟು ಮೈಕಿನ ಅನುಮತಿಯನ್ನು ಬರಹದಲ್ಲಿ ಪಡೆಯಬೇಕು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ, ವಸತಿ ಪ್ರದೇಶದಲ್ಲಿ ಹಗಲಿನ ಮಿತಿಯೇ 55 ಡೆಸಿಬೆಲ್. ಆದ್ದರಿಂದ ಸಂಜೆ ನಾಲ್ಕೂವರೆಗೆ ತೊಡಗಿ ಎಂಟರೊಳಗೆ ಮುಗಿಸುವುದು ಜಾಣತನ. ಅಕ್ಕಪಕ್ಕದ ಮನೆಗಳಿಗೆ ತಂಡದವರೇ ಹೋಗಿ ಹೇಳಿಬರಬೇಕು. ಹೇಳದೆ ಮಾಡಿದ ಸದ್ದಿಗೂ ಹೇಳಿ ಮಾಡಿದ ಸದ್ದಿಗೂ ನಮ್ಮೂರುಗಳಲ್ಲಿ ಬಹಳ ಅಂತರವಿದೆ.

ಜನರೇಟರಿನ ಲೆಕ್ಕ ಸರಳ. ಎರಡು ಗಿಟಾರ್ ಆಂಪ್‌ಗಳಿಗೆ ತಲಾ 300 ವ್ಯಾಟ್, ಬೇಸ್‌ಗೆ 500, ಹಾಡಿನ ಧ್ವನಿವರ್ಧಕಕ್ಕೆ 1000, ದೀಪಗಳಿಗೆ 200 ಎಂದರೂ 2300 ವ್ಯಾಟ್ ದಾಟುವುದಿಲ್ಲ. 5 ಕೆವಿಎ ಜನರೇಟರ್ ತೆಗೆದುಕೊಂಡರೆ ಡ್ರಮ್ಮಿನ ಪೆಟ್ಟಿಗೆ ದೀಪ ಮಂಕಾಗದಷ್ಟು ಮಿಗುತ್ತದೆ. ಅದನ್ನು ಹೊಗೆ ಜನರತ್ತ ಬಾರದಂತೆ ಗಾಳಿ ಬೀಸಿ ಹೋಗುವ ಕಡೆಗೆ, ಐವತ್ತು ಅಡಿ ದೂರದಲ್ಲಿಡಿ, ಅದಕ್ಕೂ ಅರ್ಥಿಂಗ್ ಕೊಡಿ. ದಿನ ಆರಿಸುವಾಗ ಪಂಚಾಂಗವನ್ನೂ ಮೇಳಗಳ ತಿರುಗಾಟದ ಪಟ್ಟಿಯನ್ನೂ ಮುಂದಿಟ್ಟುಕೊಳ್ಳಿ. ದೀಪಾವಳಿಯ ನಂತರ, ಉತ್ಸವಗಳ ಭರಾಟೆ ಏರುವ ಮೊದಲು ಸಿಗುವ ಮೂರು ನಾಲ್ಕು ವಾರಗಳಲ್ಲಿ ಮಳೆಯೂ ಕಡಮೆಯಾಗಿರುತ್ತದೆ, ಜನರೇಟರಿನ ಬಾಡಿಗೆಯೂ ಏರಿರುವುದಿಲ್ಲ. ಹತ್ತಿರದಲ್ಲಿ ಆಟವಿರುವ ದಿನ ಇಟ್ಟುಕೊಂಡರೆ ಜನ ಅಲ್ಲಿಗೇ ಹೋಗುತ್ತಾರೆ, ಹೋಗಬೇಕಾದದ್ದೂ ಸರಿಯೇ.

ಮೊದಲ ಕೂಟಕ್ಕೆ ಮೂವತ್ತು ಮಂದಿ ಬಂದರೆ ಬಹಳವಾಯಿತು. ಅರ್ಧ ಗಂಟೆಗೆ ಐದು ಹಾಡು ಸಾಕು. ಕ್ಯಾಲಿಫೋರ್ನಿಯಾದ ಸ್ಲೀಪ್ ತಂಡ ಒಂದೇ ಹಾಡನ್ನು ಒಂದು ಗಂಟೆ ಎಳೆದದ್ದುಂಟು, ಆದರೆ ಅದು ಅವರಿಗೆ ಕೇಳುಗರು ಸಿಕ್ಕಿದ ಮೇಲಿನ ಮಾತು. ಮುಂದಿನ ಹೆಜ್ಜೆಗೆ ನಮ್ಮ ಹಿರಿಯರ ಮುಯ್ಯಿಯ ಕ್ರಮಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಮಂಗಳೂರಿನ ಅಥವಾ ಕಣ್ಣೂರಿನ ತಂಡವೊಂದನ್ನು ನಿಮ್ಮ ಕೂಟಕ್ಕೆ ಕರೆಯಿರಿ. ಊಟ, ವಸತಿ, ರೈಲಿನ ಖರ್ಚು ನಿಮ್ಮದು. ಅವರ ಕೂಟಕ್ಕೆ ನೀವು ಹೋದಾಗ ಅವರದು. ಡ್ರಮ್ ಕಿಟ್ ಮತ್ತು ಸ್ಪೀಕರ್ ಪೆಟ್ಟಿಗೆಗಳು ಆತಿಥೇಯರವು. ಸ್ನೇರ್, ತಾಳಗಳು, ಕಾಲಿನ ಪೆಡಲ್ ಮತ್ತು ಗಿಟಾರುಗಳನ್ನು ಮಾತ್ರ ಕೊಂಡೊಯ್ದರೆ ನಾಲ್ಕು ಮಂದಿ ಲೋಕಲ್ ರೈಲಿನಲ್ಲಿ ಸುಖವಾಗಿ ಹೋಗಿಬರಬಹುದು. ಕಾಸರಗೋಡಿನಿಂದ ಮಂಗಳೂರು ಸುಮಾರು ಐವತ್ತು ಕಿಲೋಮೀಟರು. ಎರಡು ಮೂರು ಊರುಗಳಲ್ಲಿ ಹೀಗೆ ಮುಖಪರಿಚಯವಾದ ಮೇಲೆ ಬೆಂಗಳೂರಿನ ಕರೆ ಬಂದರೆ ಅಲ್ಲಿಯೂ ನಿಮ್ಮನ್ನು ಕೇಳಿದವರು ಹತ್ತಾರು ಮಂದಿ ಇದ್ದೇ ಇರುತ್ತಾರೆ; ಯಾರೂ ಅರಿಯದೆ ನೇರವಾಗಿ ಅಲ್ಲಿಗೆ ಹೋಗಿ ಬಾರ್‌ನ ಗೋಡೆಗಳಿಗೆ ನುಡಿಸಿ ಬಂದ ತಂಡಗಳು ನನಗೆ ಗೊತ್ತು.

ಧ್ವನಿಮುದ್ರಣವನ್ನು ಪ್ರದರ್ಶನಗಳ ನಂತರವೇ ಮಾಡಿ, ಒಂದೇ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ನುಡಿಸಿ ಮಾಡಿ. ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್ ಹೆಚ್ಚುಕಡಮೆ ಒಂದು ದಿನದಲ್ಲಿ ಹೀಗೆಯೇ ಮುದ್ರಣವಾಯಿತು. ಅದು ಸಾಧ್ಯವಾದದ್ದು ಆ ಹಾಡುಗಳು ವೇದಿಕೆಯಲ್ಲಿ ಮೊದಲೇ ಪಳಗಿದ್ದರಿಂದ. ಎಂಟು ಮೈಕಿನ ಇಂಟರ್‌ಫೇಸ್ (ಮೈಕುಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಒಂದನ್ನು ಬಾಡಿಗೆಗೆ ತಂದು ಡ್ರಮ್ಮಿಗೆ ನಾಲ್ಕು, ಗಿಟಾರುಗಳಿಗೆ ಒಂದೊಂದು, ಬೇಸ್‌ಗೆ ನೇರ ತಂತಿ ಕೊಟ್ಟರೆ ಒಂದು ಉಳಿಯುತ್ತದೆ. ಅದನ್ನು ದೂರದ ಮೂಲೆಯಲ್ಲಿ ಕೋಣೆಯ ಧ್ವನಿಗೆಂದು ಇಡಿ. ಹಾಡನ್ನು ಆಮೇಲೆ ಸೇರಿಸಬಹುದು. ಗಿಟಾರಿನ ಮೈಕನ್ನು ಸ್ಪೀಕರಿನ ನಟ್ಟನಡುವಿಗೆ ಇಡದೆ, ನಡುವಿನ ಟೊಪ್ಪಿಯೂ ಕೋನೂ ಸೇರುವ ಅಂಚಿಗೆ ಹಿಡಿದು, ಡಿಸ್ಟಾರ್ಷನ್ನನ್ನು ವೇದಿಕೆಯಲ್ಲಿ ಇಡುವುದರ ಮುಕ್ಕಾಲಿಗೆ ಇಳಿಸಬೇಕು. ಕೋಣೆಯಲ್ಲಿ ಭಾರವಾಗಿ ಕೇಳಿದ್ದು ಮುದ್ರಣದಲ್ಲಿ ಬರಿಯ ಮರಳಿನ ಸದ್ದಾಗುವುದು ಹೆಚ್ಚಾದ ಫಜ್ಜಿನಿಂದಲೇ. ಗಿಟಾರಿನಲ್ಲಿ 70 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ ಆ ಜಾಗವನ್ನು ಬೇಸ್‌ಗೆ ಬಿಟ್ಟುಕೊಡಿ. ಗಿಟಾರಿನ ದಪ್ಪವೆಂದು ಕೇಳುಗ ತಿಳಿದುಕೊಳ್ಳುವುದರ ಬಹುಪಾಲು ಬೇಸ್‌ನದು. ಮುಗಿದ ಹಾಡುಗಳನ್ನು ಬ್ಯಾಂಡ್‌ಕ್ಯಾಂಪ್‌ನಂತಹ ಕಡೆ, ಕೇಳುಗರು ನೇರವಾಗಿ ಹಣ ಕೊಡಬಹುದಾದಲ್ಲಿ, ಮೊದಲು ಇಡಿ.

ಹಣದ ಬಗ್ಗೆ ಮೊದಲ ರೂಪಾಯಿ ಬರುವ ಮೊದಲೇ ಮಾತಾಡಿಕೊಳ್ಳಬೇಕು. ನಮ್ಮಲ್ಲಿ ರಿಫ್ ಯಾರದ್ದಾದರೂ ಹಾಡು ನಾಲ್ವರದು, ಬಂದದ್ದು ಮೊದಲು ತಂತಿ, ಡೀಸೆಲ್, ಕೊಟ್ಟಿಗೆಯ ಕರೆಂಟು ಬಿಲ್ಲಿಗೆ. ಪ್ರತಿ ಕೂಟದ ರಾತ್ರಿ, ಜನರೇಟರನ್ನು ಹಿಂದಕ್ಕೆ ಕಳುಹಿಸಿ, ಕೇಬಲ್‌ಗಳನ್ನು ಸುತ್ತಿ, ಮಲಗುವ ಮೊದಲು ಒಂದು ನೋಟುಪುಸ್ತಕದಲ್ಲಿ ನಾಲ್ಕು ವಿಷಯಗಳನ್ನು ಬರೆದಿಡುತ್ತೇವೆ: ಎಷ್ಟು ಮಂದಿ ಬಂದರು, ಯಾವ ಯಾವ ಊರಿನಿಂದ ಬಂದರು, ಎಷ್ಟು ಲೀಟರ್ ಡೀಸೆಲ್ ಹೋಯಿತು, ಯಾವ ರಿಫ್ಫಿಗೆ ತಲೆಗಳು ಅಲ್ಲಾಡಿದವು. ಉಪ್ಪಳದಿಂದ ಏಳು ಮಂದಿ ಬಂದರೆಂದು ಎರಡು ಸಲ ಬರೆದದ್ದನ್ನು ನೋಡಿಯೇ ನಾವು ಮೂರನೆಯ ಕೂಟವನ್ನು ಉಪ್ಪಳದಲ್ಲಿ ಇಟ್ಟುಕೊಂಡದ್ದು.